ಕ್ಯಾಸೆಟ್ಟಿನ ವಾಲಿಗೆ ಉತ್ತರ ಕೊಡುವವರು ಯಾರು?

ನಮ್ಮ ಮನೆಗೆ ಟೇಪ್ ರೆಕಾರ್ಡರ್ ಬಂದ ಮೇಲೆ ಮಳೆಗಾಲದ ರಾತ್ರಿಗಳು ಬೇರೆಯಾದವು. ಊಟವಾಗಿ ಎಲೆ ಅಡಿಕೆ ಬಾಯಿಗಿಟ್ಟ ಅಜ್ಜ, ‘ವಾಲಿಯನ್ನು ಹಾಕು’ ಎನ್ನುತ್ತಿದ್ದರು. ಶೇಣಿ ಗೋಪಾಲಕೃಷ್ಣ ಭಟ್ಟರ (1918-2006) ದನಿ ಚಾವಡಿಯನ್ನು ತುಂಬುತ್ತಿತ್ತು. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮವೆಂದು ವಾಲಿ ರಾಮನನ್ನು ಕೇಳುವ ಭಾಗ ನನಗೆ ಬಾಯಿಪಾಠವಾಗಿತ್ತು. ಒಂದು ದಿನ ಅದನ್ನು ಅದೇ ಧಾಟಿಯಲ್ಲಿ ಒಪ್ಪಿಸಿದೆ. ಅಜ್ಜ ಹೊಗಳಲಿಲ್ಲ. ‘ಇದು ಶೇಣಿಯವರ ಮಾತಾಯಿತು. ನಿನ್ನ ರಾಮ ಏನು ಹೇಳುತ್ತಾನೆ?’ ಎಂದರು. ನಾನು ತಲೆ ತಗ್ಗಿಸಿದೆ.

ತಾಳಮದ್ದಳೆಯಲ್ಲಿ ಬರೆದಿಟ್ಟದ್ದು ಹಾಡು ಮಾತ್ರ. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳ ಪದ್ಯಗಳನ್ನು ಭಾಗವತರು ಹಾಡುತ್ತಾರೆ; ಅರ್ಥ ಅಲ್ಲೇ, ಎದುರಾಳಿಯ ಮಾತಿಗೆ ತಕ್ಕಂತೆ ಹುಟ್ಟುತ್ತದೆ. ಹಾಗೆ ಹುಟ್ಟಿದ ಮಾತನ್ನು ಹಿಡಿದಿಡುವುದು ಸರಿಯೇ? ಹಿಡಿದಿಟ್ಟರೆ ಕೇಳುವವನ ಹೊಣೆ ಏನು?

ಈ ಪ್ರಶ್ನೆ ನಮ್ಮದು ಮಾತ್ರವಲ್ಲ. ಅಮೆರಿಕದ ಬೀಟ್ ಕವಿ ಅಲೆನ್ ಗಿನ್ಸ್‌ಬರ್ಗ್ 1955ರ ಅಕ್ಟೋಬರ್ 7ರಂದು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ‘ಹೌಲ್’ ಕವನವನ್ನು ಮೊದಲ ಬಾರಿ ಜನರೆದುರು ಓದಿದ. 1959ರಲ್ಲಿ ಆತನ ಓದಿನ ಗ್ರಾಮಾಫೋನ್ ತಟ್ಟೆಯೂ ಬಂತು. ಒಂದೇ ಉಸಿರಿನಲ್ಲಿ ಬಂದಂತೆ ಕೇಳುವ ಆ ಕವನವನ್ನು ಆತ ಹಲವು ಸಲ ತಿದ್ದಿದ್ದನೆಂದು 1986ರಲ್ಲಿ ಅಚ್ಚಾದ ಕರಡುಗಳು ತೋರಿಸಿದವು. ಶೇಣಿಯವರ ಆಶುಮಾತಿನ ಹಿಂದೆಯೂ ಪುರಾಣದ ಓದು, ಹರಿಕಥೆಯ ಅನುಭವ ಇದ್ದವು. ದನಿಯನ್ನು ಅನುಕರಿಸುವವನಿಗೆ ಫಲ ಸಿಗುತ್ತದೆ, ಬೇರು ಸಿಗುವುದಿಲ್ಲ.

ಹಾಗೆಂದು ಕ್ಯಾಸೆಟ್ಟನ್ನು ದೂರುವ ಮನಸ್ಸು ನನಗಿಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಕಚೇರಿಯಲ್ಲಿ, ಬಸ್ಸಿನಲ್ಲಿ ಮಲಯಾಳ ಕೇಳಿಸಿಕೊಂಡು ಬೆಳೆದ ನಮ್ಮ ಮಕ್ಕಳಿಗೆ ತುಂಬು ಕನ್ನಡ ಹೇಗೆ ಮೊಳಗುತ್ತದೆಂದು ತಿಳಿಸಿದ್ದರಲ್ಲಿ ಆ ಪುಟ್ಟ ಪೆಟ್ಟಿಗೆಯ ಪಾಲೂ ಇದೆ. ಮಲಯಾಳ ಬಂಧುಗಳಿಗೂ ಇಂಥ ಸಂಪತ್ತುಂಟು, ವಿ. ಸಾಂಬಶಿವನ್ ‘ಒಥೆಲೊ’ವನ್ನು ಕಥಾಪ್ರಸಂಗವಾಗಿ ಹೇಳಿ ಜನರ ಮನೆಮಾತಾಗಿಸಿದರು. ಆದರೆ ಕಥಾಪ್ರಸಂಗದಲ್ಲಿ ಕಥೆ ಹೇಳುವವರು ಒಬ್ಬರೇ. ತಾಳಮದ್ದಳೆಯ ಅರ್ಥಧಾರಿಗೆ ಎದುರು ಕುಳಿತವನು ಬೇಕೇ ಬೇಕು. ಕ್ಯಾಸೆಟ್ಟಿನಲ್ಲಿ ಎದುರಾಳಿಯ ದನಿಯೂ ಇದೆ, ನಿಜ. ಆದರೆ ಆತ ಆ ರಾತ್ರಿಯ ಉತ್ತರವನ್ನೇ ಎಂದೆಂದಿಗೂ ಕೊಡುತ್ತಿರುತ್ತಾನೆ.

ಭಾಷೆಯನ್ನು ‘ಉಳಿಸಬೇಕು’ ಎಂದು ನಾವು ಗಡಿನಾಡಿನವರು ಆಗಾಗ ಹೇಳುತ್ತೇವೆ. ಉಳಿಸುವುದೆಂದರೆ ಪೆಟ್ಟಿಗೆಯಲ್ಲಿಡುವುದೆಂದು ತಿಳಿದರೆ ತಪ್ಪಾದೀತು. ಹಿರಿಯರ ಮಾತು ನಮ್ಮ ಮೇಲಿನ ಸಾಲ. ಅದನ್ನು ಹಾಗೆಯೇ ಒಪ್ಪಿಸಿದರೆ ತೀರದು. ನಮ್ಮ ಮಾತಿನಲ್ಲಿ ಉತ್ತರ ಕೊಟ್ಟರೆ ಅಷ್ಟಿಷ್ಟು ತೀರೀತು.

ಈಗ ಅದೇ ವಾಲಿ ಮೊಬೈಲಿನಲ್ಲಿದ್ದಾನೆ. ಮೊನ್ನೆ ಮಗಳು ಕೇಳುತ್ತಿದ್ದಳು. ಅಜ್ಜನ ಪ್ರಶ್ನೆಯನ್ನೇ ಅವಳಿಗೆ ಹಾಕಿದೆ. ಸ್ವಲ್ಪ ಯೋಚಿಸಿ, ‘ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನು ಧರ್ಮ ಕೇಳಬಹುದಾ? ಆದರೂ ರಾಮ ಎದುರಿಗೇ ಬರಬೇಕಿತ್ತು’ ಎಂದಳು. ನಡುವೆ ಒಂದೆರಡು ಮಲಯಾಳ ಪದ ನುಸುಳಿದ್ದವು. ನಾನು ತಿದ್ದಲಿಲ್ಲ. ನನ್ನಿಂದ ಆಗದ ಉತ್ತರವನ್ನು ಅವಳು ಕೊಟ್ಟಿದ್ದಳು.