ನೆರೆಯವನ ನುಡಿಯಲ್ಲಿ ಶುಭಸಂದೇಶ



ನಜರೇತಿನ ಮನೆಯಲ್ಲಿ ಬಾಲಯೇಸು ಯಾವ ಭಾಷೆಯಲ್ಲಿ ಮಾತನಾಡಲು ಕಲಿತರು? ಅಧಿಕಾರ ನಡೆಸುತ್ತಿದ್ದ ರೋಮನರ ಲತೀನ್ ಭಾಷೆಯಲ್ಲಲ್ಲ. ಮಾತೆ ಮರಿಯಮ್ಮನವರು ನೀರು ಸೇದುವಾಗ, ರೊಟ್ಟಿ ಸುಡುವಾಗ ಆಡುತ್ತಿದ್ದ ಅರಮಾಯಿಕ್ ಮಾತಿನಲ್ಲಿ. ದೈವವಾಕ್ಕು ನರಜನ್ಮವೆತ್ತಿದಾಗ ಒಂದು ಊರನ್ನು, ಒಂದು ಮನೆಯನ್ನು ಮಾತ್ರವಲ್ಲ, ಒಂದು ಸಾಮಾನ್ಯ ಜನರ ಭಾಷೆಯನ್ನೂ ತನ್ನದಾಗಿಸಿಕೊಂಡಿತು. ಈ ಸತ್ಯವನ್ನು ತಮ್ಮ ಬಾಳಿನಲ್ಲಿ ನಡೆಸಿ ತೋರಿಸಿದ ಒಬ್ಬ ಬೋಧಕ ಕವಿಯನ್ನು ಇಂದು ನಿಮ್ಮ ಮುಂದೆ ನೆನೆಯಬಯಸುತ್ತೇನೆ. ಅವರೇ ರೆವರೆಂಡ್ ಫರ್ಡಿನೆಂಡ್ ಕಿಟೆಲ್.

ನಿಘಂಟಿನ ಕಿಟೆಲ್ ನಮಗೆಲ್ಲ ಗೊತ್ತು. ಬೆಂಗಳೂರಿನ ಮೇಯೋ ಹಾಲ್ ಬಳಿ ನಿಂತಿರುವ ಅವರ ಪ್ರತಿಮೆಯನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ಆದರೆ ಕವಿ ಕಿಟೆಲ್ ಎಷ್ಟು ಜನರಿಗೆ ಪರಿಚಿತರು?

1832ರಲ್ಲಿ ಜರ್ಮನಿಯಲ್ಲಿ ಒಬ್ಬ ಪಾದ್ರಿಯ ಮಗನಾಗಿ ಹುಟ್ಟಿದ ಕಿಟೆಲ್, ಬಾಸೆಲ್ ಮಿಷನ್ನಿನ ಬೋಧಕರಾಗಿ 1853ರಲ್ಲಿ ನಮ್ಮ ನಾಡಿಗೆ ಬಂದರು. ಆಗ ಅವರಿಗೆ ಇಪ್ಪತ್ತೊಂದು ವರ್ಷ. ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ದುಡಿದರು. ಯೆಹೂದ್ಯರಿಗೆ ಯೆಹೂದ್ಯನಂತಾದೆ ಎಂಬ ಸಂತ ಪೌಲರ ಮಾತು (1 ಕೊರಿಂಥ 9) ಅವರಿಗೆ ದಾರಿದೀಪವಾಯಿತು. ಜನರ ನಡುವೆ ಜನರಂತೆಯೇ ಇರಬೇಕು, ಅವರ ಭಾಷೆ, ಹಾಡು, ಆಚಾರಗಳನ್ನು ಅರಿಯಬೇಕು ಎಂಬುದು ಅವರ ಹಂಬಲ. ಈ ಹಂಬಲವನ್ನು ಅವರ ಸಂಗಡಿಗರೆಲ್ಲ ಮೆಚ್ಚಲಿಲ್ಲ. ತಮ್ಮ ಮಿಷನ್ನಿನೊಳಗೇ ಅವರು ಹೊರಗಿನವರಂತೆ ಬಾಳಬೇಕಾಯಿತು. ಆದರೂ ಕನ್ನಡವನ್ನು ಬಿಡಲಿಲ್ಲ.

1862ರಲ್ಲಿ ಅವರ 'ಕಥಾಮಾಲೆ' ಪ್ರಕಟವಾಯಿತು. ಕ್ರಿಸ್ತರ ಜೀವನವನ್ನು ಕನ್ನಡ ಪದ್ಯಗಳಲ್ಲಿ ಹೇಳುವ ಕೃತಿ ಅದು. ಜರ್ಮನ್ ರಾಗಕ್ಕೆ ಕನ್ನಡ ಶಬ್ದಗಳನ್ನು ಹೊಂದಿಸಿ ಕೈ ತೊಳೆದುಕೊಳ್ಳುವುದು ಸುಲಭವಿತ್ತು. ಅವರು ಹಾಗೆ ಮಾಡಲಿಲ್ಲ. ಈ ನೆಲದ ಜನರು ಹಾಡಿ ಕೇಳಿ ಬಲ್ಲ ಧಾಟಿಯಲ್ಲೇ ಯೇಸುವಿನ ಕಥೆಯನ್ನು ಕಟ್ಟಿದರು. ಮುಂದೆ 1872ರಲ್ಲಿ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನೂ 1875ರಲ್ಲಿ ನಾಗವರ್ಮನ 'ಛಂದೋಂಬುಧಿ'ಯನ್ನೂ ಸಂಪಾದಿಸಿ ಅಚ್ಚಿಗೆ ಕೊಟ್ಟರು. 1894ರಲ್ಲಿ ಸುಮಾರು 70,000 ಶಬ್ದಗಳ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂತು. ಅದರಲ್ಲಿ ಹಳೆಯ ಕಾವ್ಯದ ಪದಗಳ ಜೊತೆಗೆ ಹಳ್ಳಿಯ ಜನರ ಗಾದೆಗಳೂ ಇವೆ. ಕಲಿಸಲು ಬಂದವರು ಮೊದಲು ಶಿಷ್ಯರಾಗಿ ಕುಳಿತರು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? 1903ರಲ್ಲಿ ಅವರ ಕನ್ನಡ ವ್ಯಾಕರಣ ಪ್ರಕಟವಾಯಿತು. ಅದೇ ವರ್ಷ ಡಿಸೆಂಬರಿನಲ್ಲಿ ಅವರು ಜರ್ಮನಿಯಲ್ಲಿ ಪ್ರಭುವಿನ ಸನ್ನಿಧಿ ಸೇರಿದರು.

ಅವರು ಪ್ರೊಟೆಸ್ಟೆಂಟ್ ಬೋಧಕರಲ್ಲವೇ, ನಮಗೇಕೆ ಎಂದು ನೀವು ಕೇಳಬಹುದು. ಬೇರ್ಪಟ್ಟ ಸಹೋದರರಲ್ಲಿ ಕಾಣುವ ಕ್ರಿಸ್ತೀಯ ಒಳಿತನ್ನು ಸಂತೋಷದಿಂದ ಗುರುತಿಸಬೇಕೆಂದು ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲೇ ನಮಗೆ ತಿಳಿಸಿದೆ. ನಮ್ಮ ಧರ್ಮಸಭೆಯಲ್ಲೂ ಇಂಥ ಪರಂಪರೆಯಿದೆ. ಇಂಗ್ಲೆಂಡಿನಿಂದ ಗೋವೆಗೆ ಬಂದ ಯೇಸುಸಭೆಯ ಗುರು ಥಾಮಸ್ ಸ್ಟೀಫನ್ಸ್, ಹತ್ತು ಸಾವಿರಕ್ಕೂ ಹೆಚ್ಚು ಪದ್ಯಗಳ 'ಕ್ರಿಸ್ತಪುರಾಣ'ವನ್ನು ಮರಾಠಿಯಲ್ಲಿ ರಚಿಸಿ 1616ರಲ್ಲಿ ಅಚ್ಚು ಹಾಕಿಸಿದರು. ಇಟಲಿಯ ಗುರು ಬೆಸ್ಕಿ, ತಮಿಳರ 'ವೀರಮಾಮುನಿವರ್', ಸಂತ ಜೋಸೆಫರನ್ನೇ ನಾಯಕರನ್ನಾಗಿಸಿ ತಮಿಳಿನಲ್ಲಿ 'ತೇಂಬಾವಣಿ' ಎಂಬ ಮಹಾಕಾವ್ಯ ಬರೆದರು. ಆದರೆ ಬಲಿಪೂಜೆ ಮಾತ್ರ ಬಹುಕಾಲ ಲತೀನಿನಲ್ಲೇ ಉಳಿಯಿತು. ಜನರ ಭಾಷೆಗೆ ಪೀಠದ ಬಳಿ ಜಾಗ ಕೊಟ್ಟ ಮಹಾಸಭೆ ಆರಂಭವಾದದ್ದು 1962ರಲ್ಲಿ, 'ಕಥಾಮಾಲೆ' ಬಂದು ಸರಿಯಾಗಿ ನೂರು ವರ್ಷಗಳ ಮೇಲೆ.

ಈಗ ನಮ್ಮ ಮನೆಗಳ ಕಡೆ ತಿರುಗೋಣ. ರಾಜಾಜಿನಗರದಿಂದ ಬಸವೇಶ್ವರನಗರ, ವಿಜಯನಗರಗಳನ್ನು ಹಾದು ಕೆಂಗೇರಿಯವರೆಗೆ ನಮ್ಮ ವಿಶ್ವಾಸಿಗಳ ಮನೆಗಳಲ್ಲಿ ಎಷ್ಟೊಂದು ಭಾಷೆಗಳು! ಕನ್ನಡ, ತಮಿಳು, ಕೊಂಕಣಿ, ಮಲಯಾಳ, ತೆಲುಗು. ಇದು ದೇವರ ವರ. ಆದರೆ ವರವೇ ಗೋಡೆಯಾಗುವುದೂ ಉಂಟು. ಪೂಜೆಯ ಭಾಷೆಯ ವಿಷಯದಲ್ಲಿ ನಮ್ಮ ಬೆಂಗಳೂರಿನಲ್ಲಿ ದಶಕಗಳ ಕಾಲ ಮನಸ್ಸುಗಳು ನೊಂದಿವೆ. ಒಂದೇ ರೊಟ್ಟಿಯಲ್ಲಿ ಪಾಲುಗೊಂಡವರು ದೇವಾಲಯದ ಅಂಗಳದಲ್ಲಿ ಒಬ್ಬರನ್ನೊಬ್ಬರು ನೋಡದೆ ಹೋದದ್ದುಂಟು. ಪ್ರಭುವಿಗೆ ಇದು ನೋವಲ್ಲವೇ?

ಇನ್ನೊಂದು ನೋವು ಸದ್ದಿಲ್ಲದೆ ನಡೆಯುತ್ತಿದೆ. ಅಜ್ಜಿ ತನ್ನ ಭಾಷೆಯಲ್ಲಿ ಜಪಸರ ಹೇಳುತ್ತಾರೆ. ಮೊಮ್ಮಗುವಿಗೆ ಇಂಗ್ಲಿಷಿನ ಪ್ರಾರ್ಥನೆ ಮಾತ್ರ ಗೊತ್ತು. ಇಬ್ಬರೂ ಒಂದೇ ಸೂರಿನಡಿ ಇದ್ದರೂ ಒಟ್ಟಿಗೆ ಪ್ರಾರ್ಥಿಸಲಾರರು. ಅಜ್ಜಿ ಕಣ್ಣು ಮುಚ್ಚಿದ ದಿನ ಆ ಪ್ರಾರ್ಥನೆಯೂ ಆ ಮನೆಯಿಂದ ಹೊರಟುಹೋಗುತ್ತದೆ. ದೂರದ ಜರ್ಮನಿಯಿಂದ ಬಂದವರು ನಮ್ಮ ಗಾದೆಗಳನ್ನು ಒಂದೊಂದಾಗಿ ಆಯ್ದು ಬರೆದಿಟ್ಟರು. ನಾವು ನಮ್ಮ ಮನೆಯ ಹಿರಿಯರ ನಾಲಗೆಯ ಮೇಲಿರುವುದನ್ನು ಕೇಳಿ ಬರೆದಿಡಲಾರೆವೇ?

ಪಂಚಾಶತ್ತಮ ಹಬ್ಬದ ದಿನ ನಡೆದದ್ದನ್ನು ನೆನೆಯಿರಿ (ಪ್ರೇಷಿತರ ಕಾರ್ಯಕಲಾಪಗಳು, ಅಧ್ಯಾಯ 2). ಪವಿತ್ರಾತ್ಮರು ನೆರೆದವರೆಲ್ಲರ ಬಾಯಿಗೆ ಒಂದೇ ಭಾಷೆ ತುರುಕಲಿಲ್ಲ. ಪ್ರತಿಯೊಬ್ಬನೂ ತನ್ನ ನುಡಿಯಲ್ಲೇ ಕೇಳುವಂತೆ ಮಾಡಿದರು. ಆದುದರಿಂದ ನನ್ನ ಭಾಷೆಯನ್ನು ಪ್ರೀತಿಸುವುದು ಪಾಪವಲ್ಲ. ನೆರೆಯವನ ಭಾಷೆಗೆ ಕಿವಿ ಮುಚ್ಚುವುದೇ ಪ್ರೀತಿಯ ಕೊರತೆ.

ಈ ವಾರ ನಿಮ್ಮ ಕುಟುಂಬದಲ್ಲಿ ಎರಡು ಚಿಕ್ಕ ಕೆಲಸಗಳನ್ನು ಮಾಡಿರಿ. ಮಕ್ಕಳನ್ನು ಹಿರಿಯರ ಪಕ್ಕದಲ್ಲಿ ಕೂರಿಸಿ ಒಂದು ಹಳೆಯ ಪ್ರಾರ್ಥನೆಯನ್ನೋ ಕೀರ್ತನೆಯನ್ನೋ ಬಾಯಿಪಾಠ ಮಾಡಿಸಿರಿ. ನೀವು ಬೇರೆ ನುಡಿಯ ಮನೆಯವರಾದರೆ ಈ ನಾಡಿನ ಕನ್ನಡದಲ್ಲಿ 'ಪರಲೋಕ ಮಂತ್ರ'ವನ್ನು ಕಲಿಯಿರಿ. ಕನ್ನಡಿಗರಾದರೆ ನಿಮ್ಮ ಧರ್ಮಕೇಂದ್ರದ ಬೇರೆ ನುಡಿಯ ಕುಟುಂಬವೊಂದನ್ನು ಅವರ ಭಾಷೆಯ ಒಂದೆರಡು ಮಾತಿನಲ್ಲಿ ವಿಚಾರಿಸಿರಿ. ಉಚ್ಚಾರಣೆ ತಪ್ಪಿದರೂ ಚಿಂತೆಯಿಲ್ಲ, ಪ್ರೀತಿ ತಲುಪುತ್ತದೆ.

ಎಲ್ಲ ಭಾಷೆಗಳ ನಿಟ್ಟುಸಿರನ್ನೂ ಅರಿಯುವ ತಂದೆಯು ನಮ್ಮ ಕಿವಿಗಳನ್ನು ತೆರೆಯಲಿ, ನಮ್ಮ ನಾಲಗೆಗಳನ್ನು ಮೃದುಗೊಳಿಸಲಿ. ಆಮೆನ್.