ಯಂತ್ರದ ಕೈಗೆ ಅಳತೆಗೋಲು ಕೊಟ್ಟವರು ಯಾರು?

ಕಂಪ್ಯೂಟರ್ ಯೋಚಿಸಬಲ್ಲದೇ ಎಂಬ ಪ್ರಶ್ನೆಯನ್ನು ನಾವು ಬಹಳ ಕಾಲದಿಂದ ಕೇಳುತ್ತಾ ಬಂದಿದ್ದೇವೆ. ಆದರೆ ನಮ್ಮ ಬದುಕಿಗೆ ಹೆಚ್ಚು ತಟ್ಟುವ ಪ್ರಶ್ನೆ ಬೇರೆಯೇ ಇದೆ. ತಾನಾಗಿಯೇ ಕೆಲಸ ಮಾಡುವ ಒಂದು ಸಾಫ್ಟ್‌ವೇರ್ ಹತ್ತು ದಾರಿಗಳ ಪೈಕಿ ಒಂದನ್ನು ಆರಿಸಿಕೊಂಡಾಗ, ಅದು ಯಾವುದನ್ನು ಒಳ್ಳೆಯದೆಂದು ಬಗೆದು ಆರಿಸಿಕೊಂಡಿತು? ಒಳಿತಿನ ಆ ಅಳತೆಗೋಲು ಅದಕ್ಕೆ ಬಂದದ್ದು ಎಲ್ಲಿಂದ?

ಲೆಕ್ಕಾಚಾರವೇನೋ ಸರಳ. ಒಂದು ಊರನ್ನು ತಲುಪಲು ಎರಡು ರಸ್ತೆಗಳಿವೆ ಎಂದಿಟ್ಟುಕೊಳ್ಳೋಣ. ಘಟ್ಟದ ರಸ್ತೆಯಲ್ಲಿ 6 ಗಂಟೆಯ ಪ್ರಯಾಣ. ಆದರೆ ಮಳೆಗಾಲದಲ್ಲಿ ಐದರಲ್ಲಿ ಒಂದು ಸಲ ಗುಡ್ಡ ಕುಸಿದು 10 ಗಂಟೆಯಾಗುತ್ತದೆ. ಸುತ್ತುದಾರಿಯಲ್ಲಿ ಯಾವಾಗಲೂ 7 ಗಂಟೆ. ಸಾಫ್ಟ್‌ವೇರ್ ಪ್ರತಿಯೊಂದು ಫಲಿತಾಂಶವನ್ನೂ ಅದರ ಸಂಭವನೀಯತೆಯಿಂದ ಗುಣಿಸಿ ಕೂಡುತ್ತದೆ. ಘಟ್ಟದ ರಸ್ತೆಗೆ ಸರಾಸರಿ 6.8 ಗಂಟೆ ಬರುತ್ತದೆ. ಆದ್ದರಿಂದ ಅದರ ಪ್ರಕಾರ ಘಟ್ಟದ ರಸ್ತೆಯೇ ಮೇಲು. ಫಾನ್ ನಾಯ್ಮನ್ ಮತ್ತು ಮಾರ್ಗೆನ್‌ಸ್ಟರ್ನ್ 1944ರಲ್ಲಿ ಪ್ರಕಟಿಸಿದ ಗ್ರಂಥ ಈ ಬಗೆಯ ಆಯ್ಕೆಗೆ ಗಣಿತದ ಬುನಾದಿಯನ್ನು ಒದಗಿಸಿತು. ಆದರೆ ಎಂಟು ಗಂಟೆಯೊಳಗೆ ಆಸ್ಪತ್ರೆ ಸೇರಲೇಬೇಕಾದ ರೋಗಿಯೊಬ್ಬರು ವಾಹನದಲ್ಲಿದ್ದರೆ? ಆಗ ವಿವೇಕವುಳ್ಳ ಯಾವ ಚಾಲಕನೂ ಸರಾಸರಿಯನ್ನು ನೋಡುವುದಿಲ್ಲ, ಸುತ್ತುದಾರಿಯನ್ನೇ ಹಿಡಿಯುತ್ತಾನೆ. ಸಾಫ್ಟ್‌ವೇರಿನ ಗಣಿತದಲ್ಲಿ ದೋಷವಿಲ್ಲ. ಅದಕ್ಕೆ ಗಂಟೆಗಳ ಬೆಲೆಯನ್ನು ಹೇಳಲಾಗಿತ್ತು, ಜೀವದ ಬೆಲೆಯನ್ನು ಯಾರೂ ಹೇಳಿರಲಿಲ್ಲ.

2016ರಲ್ಲಿ ಓಪನ್‌ಎಐ ಸಂಸ್ಥೆಯು ದೋಣಿ ಪಂದ್ಯದ ಒಂದು ಕಂಪ್ಯೂಟರ್ ಆಟವನ್ನು ತನ್ನ ಸಾಫ್ಟ್‌ವೇರಿಗೆ ಕಲಿಸಿತು. ಪಂದ್ಯ ಗೆಲ್ಲಬೇಕೆಂಬುದು ಸಂಶೋಧಕರ ಆಶಯವಾಗಿತ್ತು. ಆದರೆ ಅಂಕಗಳು ಸಿಗುತ್ತಿದ್ದುದು ದಾರಿಯಲ್ಲಿನ ಗುರಿಗಳಿಗೆ ಬಡಿದಾಗ. ದೋಣಿ ಒಂದು ಮೂಲೆಯಲ್ಲಿ ಗಿರಗಿರನೆ ಸುತ್ತುತ್ತಾ, ಮತ್ತೆ ಮತ್ತೆ ಹುಟ್ಟಿಕೊಳ್ಳುವ ಮೂರು ಗುರಿಗಳಿಗೆ ಬಡಿಯುತ್ತಾ, ಬೆಂಕಿ ಹೊತ್ತಿಕೊಂಡರೂ ಲೆಕ್ಕಿಸದೆ ಅಂಕ ಗಳಿಸತೊಡಗಿತು. ಪಂದ್ಯವನ್ನು ಅದು ಮುಗಿಸಲೇ ಇಲ್ಲ. ಆದರೂ ಅದರ ಅಂಕಗಳು ಮನುಷ್ಯ ಆಟಗಾರರಿಗಿಂತ ಸರಾಸರಿ ಶೇಕಡಾ 20ರಷ್ಟು ಹೆಚ್ಚಿದ್ದವು. (ಅಂಕಗಳಿಗಾಗಿಯೇ ಮಕ್ಕಳನ್ನು ಓದಿಸುವ ನಮಗೆ ಈ ದೋಣಿ ಅಷ್ಟೇನೂ ಅಪರಿಚಿತವಲ್ಲ.) ನಾವು ಬಯಸಿದ ಗುರಿಯೇ ಯಂತ್ರದೊಳಗೆ ಹೋಗಿದೆಯೇ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕೆಂದು ಗಣಿತಜ್ಞ ನಾರ್ಬರ್ಟ್ ವೀನರ್ 1960ರಷ್ಟು ಹಿಂದೆಯೇ ಎಚ್ಚರಿಸಿದ್ದರು.

ಹಾಗಾದರೆ ಮನುಷ್ಯನಾದರೂ ತನ್ನ ಗುರಿಯನ್ನು ತಾನೇ ಆರಿಸಿಕೊಳ್ಳುತ್ತಾನೆಯೇ? ನಾವು ಚಿಂತಿಸುವುದು ಸಾಧನಗಳ ಬಗ್ಗೆಯೇ ಹೊರತು ಗುರಿಯ ಬಗ್ಗೆ ಅಲ್ಲ, ವೈದ್ಯನಾದವನು ಗುಣಪಡಿಸಬೇಕೋ ಬೇಡವೋ ಎಂದು ಆಲೋಚಿಸುತ್ತಾ ಕೂರುವುದಿಲ್ಲ ಎಂಬುದು ಅರಿಸ್ಟಾಟಲನ ವಾದ. ಈ ಮಾತನ್ನು ಪೂರ್ತಿಯಾಗಿ ಒಪ್ಪಲು ನಮಗೆ ಕಷ್ಟವಾಗುತ್ತದೆ. ಹಣವೇ ಗುರಿಯೆಂದು ಇಪ್ಪತ್ತು ವರ್ಷ ದುಡಿದವನು ಒಂದು ದಿನ, ನಾನು ಬಯಸಿದ್ದು ಇದನ್ನಲ್ಲ ಎಂದು ಎದ್ದು ನಿಲ್ಲುವುದುಂಟು. ಆ ದೋಣಿಗೆ ಅಂತಹ ದಿನ ಬರಲಾರದು. ಅಂಕಗಳ ಆಚೆಗೆ ನಿಂತು ಅಂಕಗಳನ್ನು ಪ್ರಶ್ನಿಸಲು ಅದಕ್ಕೆ ಸ್ಥಳವೇ ಇಲ್ಲ.

ಆಟದಲ್ಲಿ ಇದು ನಗುವ ಸಂಗತಿ. ಆಸ್ಪತ್ರೆಯಲ್ಲಿ ಹಾಗಲ್ಲ. ಅಮೆರಿಕದಲ್ಲಿ ಯಾವ ರೋಗಿಗಳಿಗೆ ಹೆಚ್ಚಿನ ಆರೈಕೆ ಬೇಕೆಂದು ಗುರುತಿಸಲು ವ್ಯಾಪಕವಾಗಿ ಬಳಸುತ್ತಿದ್ದ ಒಂದು ಸಾಫ್ಟ್‌ವೇರನ್ನು ಜಿಯಾದ್ ಓಬರ್‌ಮೇಯರ್ ಮತ್ತು ಸಂಗಡಿಗರು ಪರೀಕ್ಷಿಸಿ, 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ವರದಿ ಮಾಡಿದರು. ಆ ಸಾಫ್ಟ್‌ವೇರಿಗೆ ರೋಗಿಯ ಜನಾಂಗವನ್ನು ತಿಳಿಸಿರಲಿಲ್ಲ. ಆದರೆ ಕಾಯಿಲೆಯ ತೀವ್ರತೆಯನ್ನು ಅದು ಅಳೆಯುತ್ತಿದ್ದುದು ಮುಂದೆ ಆಗಬಹುದಾದ ಚಿಕಿತ್ಸೆಯ ಖರ್ಚಿನಿಂದ. ಬಡತನ, ಆಸ್ಪತ್ರೆ ತಲುಪುವ ಕಷ್ಟ, ವೈದ್ಯರ ಬಗೆಗಿನ ಅಪನಂಬಿಕೆ ಮೊದಲಾದ ಕಾರಣಗಳಿಂದ ಕಪ್ಪು ಜನರ ಚಿಕಿತ್ಸೆಗೆ ವ್ಯಯವಾಗುವ ಹಣವೇ ಕಡಿಮೆ. ಖರ್ಚು ಕಡಿಮೆಯಾದುದರಿಂದ ಕಾಯಿಲೆಯೂ ಕಡಿಮೆಯೆಂದು ಯಂತ್ರ ತೀರ್ಮಾನಿಸಿತು! ಈ ಅಸಮಾನತೆ ನಿವಾರಣೆಯಾದರೆ, ಹೆಚ್ಚಿನ ಆರೈಕೆಗೆ ಆಯ್ಕೆಯಾಗುವವರಲ್ಲಿ ಕಪ್ಪು ರೋಗಿಗಳ ಪಾಲು ಶೇಕಡಾ 17.7ರಿಂದ 46.5ಕ್ಕೆ ಏರುತ್ತದೆಂದು ಸಂಶೋಧಕರು ಕಂಡುಕೊಂಡರು. ಅಳತೆಗೋಲಿನಲ್ಲಿ ಖರ್ಚಿನ ಜೊತೆಗೆ ಆರೋಗ್ಯವನ್ನೂ ಸೇರಿಸಿದಾಗ ಪಕ್ಷಪಾತ ಶೇಕಡಾ 84ರಷ್ಟು ತಗ್ಗಿತು. ಇಲ್ಲಿ ಯಾರಲ್ಲೂ ದುರುದ್ದೇಶವಿರಬೇಕಿಲ್ಲ. ಖರ್ಚಿನ ಅಂಕಿಅಂಶ ಸುಲಭವಾಗಿ ಸಿಗುತ್ತದೆ, ನೋವಿನ ಅಂಕಿಅಂಶ ಸಿಗುವುದಿಲ್ಲ.

ಮನುಷ್ಯರ ಬಯಕೆ ಏನೆಂಬುದು ತನಗೆ ಖಚಿತವಾಗಿ ಗೊತ್ತಿಲ್ಲ ಎಂಬ ಅರಿವನ್ನೇ ಯಂತ್ರದೊಳಗೆ ಇಡಬೇಕು, ಆಗ ಅದು ಕೇಳಿ ನಡೆಯುತ್ತದೆ, ತನ್ನನ್ನು ನಿಲ್ಲಿಸಲು ಬಂದವರನ್ನು ತಡೆಯುವುದಿಲ್ಲ ಎನ್ನುತ್ತಾರೆ ಕಂಪ್ಯೂಟರ್ ವಿಜ್ಞಾನಿ ಸ್ಟುವರ್ಟ್ ರಸೆಲ್. ಈ ಸಲಹೆ ನಮಗೆ ಹಿಡಿಸುತ್ತದೆ. ಆದರೆ ಅದು ಯಾರನ್ನು ಕೇಳಬೇಕು? ಆಸ್ಪತ್ರೆಯ ಆಡಳಿತ ವರ್ಗವನ್ನು ಕೇಳಿದರೆ ಖರ್ಚಿನ ಲೆಕ್ಕವೇ ಉತ್ತರವಾಗಿ ಬರಬಹುದು. ವೈದ್ಯರ ಉತ್ತರ ಬೇರೆಯಿರಬಹುದು. ಇನ್ನು ಶೇಕಡಾ 17.7 ಮತ್ತು 46.5ರ ನಡುವಿನ ಅಂತರದಲ್ಲಿ ಹೊರಗುಳಿದವರು, ಒಂದು ಸಾಫ್ಟ್‌ವೇರ್ ತಮ್ಮ ಕಾಯಿಲೆಯನ್ನು ಹಣದಲ್ಲಿ ಅಳೆದಿದೆ ಎಂಬುದನ್ನಾದರೂ ಅರಿತಿದ್ದರೇ?