ಮೂರನೆಯವರ ಪಾಲು

ಪೇಟೆಯೊಳಗೆ ಒಂದು ಹಣಕ್ಕೆ 3 ಕೋಳಿ, ಊರಾಚೆ ಅದೇ ಹಣಕ್ಕೆ 4. ನಗರದಲ್ಲಿ ಒಂದು ಪರದಾವು ಎಂಬ ಚಿನ್ನದ ನಾಣ್ಯಕ್ಕೆ 12 ಕುರಿ, ಗುಡ್ಡದ ಸೀಮೆಯಲ್ಲಿ 14 ಅಥವಾ 15. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬರೆದಿಟ್ಟ ದರಗಳಿವು. ಅರಮನೆ, ಆನೆ, ಮಹಾನವಮಿಯ ವೈಭವಗಳ ನಡುವೆಯೂ ಆತ ಕೋಳಿಯ ದರ ಕೇಳಿ ಬರೆದುಕೊಂಡದ್ದು ಇಂದಿನ ಓದುಗರ ಪುಣ್ಯ. ಹಂಪಿಯ ಬಜಾರಿಗೂ ಅದರ ಸುತ್ತಲಿನ ಹಳ್ಳಿಗೂ ಇದ್ದ ಅಂತರ ಎಷ್ಟೆಂದು ಅದರಿಂದ ತಿಳಿಯುತ್ತದೆ: ನಾಲ್ಕರಲ್ಲಿ ಒಂದು ಕೋಳಿ.

ಈ ಅಂತರವನ್ನು ಯಾರೂ ಅನ್ಯಾಯ ಎನ್ನುವುದಿಲ್ಲ. ಕುರಿಯನ್ನು ಗುಡ್ಡದಿಂದ ಇಳಿಸಿ ಪೇಟೆಗೆ ಹೊಡೆದುಕೊಂಡು ಬರಬೇಕು, ದಾರಿಯಲ್ಲಿ ಮೇವು, ಬಾಗಿಲಲ್ಲಿ ಸುಂಕ. ಕಂಪ್ಲಿಯ ಗದ್ದೆಯಲ್ಲಿ ಭತ್ತಕ್ಕೆ ಒಂದು ದರ, ಹೊಸಪೇಟೆಯ ಅಂಗಡಿಯಲ್ಲಿ ಅಕ್ಕಿಗೆ ಇನ್ನೊಂದು ದರ ಇರುವುದೂ ಇದೇ ಲೆಕ್ಕದ ಮೇಲೆ. ಕೌಟಿಲ್ಯನಂಥ ಕಟ್ಟುನಿಟ್ಟಿನ ಮನುಷ್ಯನೂ ಇದನ್ನು ಒಪ್ಪಿದ್ದ. ನಾಡಿನ ಸರಕಿಗೆ ನೂರಕ್ಕೆ 5, ಹೊರನಾಡಿನ ಸರಕಿಗೆ ನೂರಕ್ಕೆ 10 ಲಾಭ ಸಾಕು, ಅದಕ್ಕೂ ಮೀರಿದರೆ ದಂಡ ಎಂದು ಅರ್ಥಶಾಸ್ತ್ರದಲ್ಲಿ ಗೆರೆ ಎಳೆದ. ನ್ಯಾಯವಾದ ಬೆಲೆಯ ಪ್ರಶ್ನೆ ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಅದೇ ಹಂಪಿಯಲ್ಲಿ ಕೋಳಿ, ಕುರಿಗಳ ಜೊತೆಗೆ ಇನ್ನೊಂದು ಸರಕೂ ಮಾರಾಟವಾಗುತ್ತಿತ್ತು.

ಅದು ಕುದುರೆ. ಆ ಕಾಲದ ಅತಿ ದೊಡ್ಡ ಯುದ್ಧ ಸಾಮಗ್ರಿ. ಹೊರ್ಮುಜಿನಿಂದ ಹಡಗಿನಲ್ಲಿ ಬಂದದ್ದೂ ನಾಡಿನದೂ ಸೇರಿ ಅರಸರು ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದರೆಂದು ಇನ್ನೊಬ್ಬ ಪೋರ್ಚುಗೀಸ್ ಪ್ರವಾಸಿ ಫೆರ್ನಾವೊ ನೂನಿಜ್ ಬರೆಯುತ್ತಾನೆ. ವಿಜಯನಗರದ ಅರಸ ಸಾಳುವ ನರಸಿಂಹನ ಬಗ್ಗೆ ಅವನು ಹೇಳುವ ಸಂಗತಿ ಇನ್ನೂ ವಿಚಿತ್ರ. ಅರಸ 1,000 ಪರದಾವಿಗೆ 3 ಕುದುರೆಯಂತೆ ಕೊಳ್ಳುತ್ತಿದ್ದ. ಕಡಲಲ್ಲಿ ಸತ್ತ ಕುದುರೆಯ ಬಾಲವನ್ನಷ್ಟೇ ಕತ್ತರಿಸಿ ತಂದು ತೋರಿಸಿದರೂ ಜೀವಂತ ಕುದುರೆಯ ಹಣವನ್ನೇ ಎಣಿಸಿಕೊಡುತ್ತಿದ್ದ. ಸತ್ತ ಕುರಿಯ ಬಾಲ ಹಿಡಿದು ಪೇಟೆಗೆ ಬಂದವನನ್ನು ಕಟುಕ ಓಡಿಸುತ್ತಾನೆ. ಕುದುರೆಯ ವ್ಯಾಪಾರಿಗೆ ಮಾತ್ರ ಈ ಮರ್ಯಾದೆ, ಏಕೆಂದರೆ ಅವನು ಮುನಿಸಿಕೊಂಡು ಹಡಗನ್ನು ಬೇರೆ ದೊರೆಯ ಬಂದರಿಗೆ ತಿರುಗಿಸಬಾರದು. ಕುರಿಯ ಬೆಲೆಯಲ್ಲಿ ಹುಲ್ಲೂ ದಾರಿಯೂ ಸೇರಿದ್ದವು. ಕುದುರೆಯ ಬೆಲೆಯಲ್ಲಿ ಎದುರಾಳಿಯ ಭಯ ಸೇರಿತ್ತು.

ಆಯುಧದ ಬೆಲೆಯನ್ನು ಉಳಿದ ಸರಕುಗಳ ಬೆಲೆಯಿಂದ ಬೇರೆಯಾಗಿ ನೋಡಬೇಕಾದದ್ದು ಇದಕ್ಕೇ.

ಇಂದಿನ ಬಂದೂಕಿನ ವ್ಯಾಪಾರವನ್ನೇ ನೋಡಬಹುದು. ತೆರಿಗೆ ದೇಶಕ್ಕೆಲ್ಲ ಒಂದೇ: ಪಿಸ್ತೂಲು, ರಿವಾಲ್ವರ್‌ಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ ಶೇ. 40ಕ್ಕೆ ಏರಿತು. ಕಾನ್ಪುರ, ಈಶಾಪುರಗಳ ಸರ್ಕಾರಿ ಕಾರ್ಖಾನೆಗಳಲ್ಲಿ ತಯಾರಾದ ಮಾಲಿಗೆ ಕಾರ್ಖಾನೆಯ ದರವೂ ಗೊತ್ತಿರುವಂಥದೇ. ದರ ಊರಿಂದೂರಿಗೆ ಬದಲಾಗುವುದು ಹೆಚ್ಚಾಗಿ ಹಳೆಯ ಬಂದೂಕುಗಳಲ್ಲಿ. 1980ರ ದಶಕದ ಮಧ್ಯದಿಂದ ಖಾಸಗಿಯವರು ವಿದೇಶಿ ಬಂದೂಕು ತರಿಸಿಕೊಳ್ಳುವುದಕ್ಕೆ ತಡೆ ಬಿದ್ದ ಮೇಲೆ, ಅದಕ್ಕೂ ಮುಂಚೆ ಬಂದ ಇಂಗ್ಲಿಷ್ ಪಿಸ್ತೂಲು ಸವೆದಿದ್ದರೂ ಚಿನ್ನದ ಬೆಲೆ ಕೇಳತೊಡಗಿತು. ಇನ್ನೊಂದು ಕಡೆ, ಅಪ್ಪ ತೀರಿಹೋದ ಮೇಲೆ ಮಗನ ಹೆಸರಿಗೆ ಲೈಸೆನ್ಸು ಆಗದಿದ್ದರೆ ಮನೆಯ ಜೋಡು ನಳಿಗೆ ಬಂದೂಕನ್ನು ಠಾಣೆಗೋ ಅಧಿಕೃತ ಅಂಗಡಿಗೋ ಒಪ್ಪಿಸಲೇಬೇಕು. ಕೊಳ್ಳುವವನ ಬಳಿಯೂ ಲೈಸೆನ್ಸು ಇರಬೇಕಾದ್ದರಿಂದ ಗಿರಾಕಿಗಳು ಬೆರಳೆಣಿಕೆ. ಅವಸರದಲ್ಲಿ ಮಾರುವ ಮನೆಯವರಿಗೆ ಸಿಕ್ಕಿದ್ದೇ ದರ. ಕೊಡಗಿನಲ್ಲಿ ಲೆಕ್ಕವೇ ಬೇರೆ: ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ, ಆಯುಧಪೂಜೆಯ ಕೈಲ್‌ಪೊಳ್ದು ಹಬ್ಬದಲ್ಲಿ ಕೋವಿಗೆ ಹೂವೇರುತ್ತದೆ, ಆ ವಿನಾಯಿತಿಯನ್ನು ಹೈಕೋರ್ಟು 2021ರಲ್ಲಿ ಎತ್ತಿಹಿಡಿದಿದೆ.

ಹೊಸಪೇಟೆಯ ಸುತ್ತ ಲೈಸೆನ್ಸಿನ ದಾರಿಯೂ ಒಂದೇ ಅಲ್ಲ. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿದಾಗ ಹೊಸಪೇಟೆ, ಹಂಪಿ ಅದಕ್ಕೆ ಸೇರಿದವು. ಕಂಪ್ಲಿ, ಸಂಡೂರು ಬಳ್ಳಾರಿಯಲ್ಲೇ ಉಳಿದವು. ಅಕ್ಕಪಕ್ಕದ ಹೊಲದವರಿಬ್ಬರು ಬೇರೆ ಬೇರೆ ಜಿಲ್ಲಾಧಿಕಾರಿಗಳ ಮುಂದೆ ಅರ್ಜಿ ಹಿಡಿದು ನಿಲ್ಲಬೇಕು.

ಇಷ್ಟೆಲ್ಲ ಲೆಕ್ಕದ ನಡುವೆ ಒಂದು ಸಂಗತಿ ಮರೆಯಾಗುತ್ತದೆ. ಕುರಿಯ ವ್ಯಾಪಾರದಲ್ಲಿ ಕೊಡುವವನು, ಕೊಳ್ಳುವವನು ಇಬ್ಬರೂ ಒಪ್ಪಿದರೆ ಬೆಲೆ ನ್ಯಾಯವಾಯಿತು. ಬಂದೂಕಿನ ವ್ಯಾಪಾರದಲ್ಲಿ ಮೂರನೆಯವನೊಬ್ಬ ಇದ್ದಾನೆ. ನಾಳೆ ನಳಿಗೆ ಯಾರ ಕಡೆ ತಿರುಗಬಹುದೋ ಅವನು. ಅವನನ್ನು ಯಾರೂ ಅಂಗಡಿಗೆ ಕರೆದಿಲ್ಲ, ಅವನ ಒಪ್ಪಿಗೆ ಕೇಳಿಲ್ಲ, ಅವನ ಪಾಲು ರಸೀತಿಯಲ್ಲಿಲ್ಲ. ಹೀಗಿರುವಾಗ ಈ ಅಂಗಡಿಯ ದರ ಸರಿಯೋ ಆ ಅಂಗಡಿಯದು ಸರಿಯೋ ಎಂದು ಕೇಳುವುದರಿಂದ ಹೆಚ್ಚೇನೂ ಸಿಗದು.

ಈ ನಾಡಿನ ಧರ್ಮಗಳು ಆ ಮೂರನೆಯವನನ್ನು ಮೊದಲೇ ಗುರುತಿಸಿದ್ದವು. ಅದರಿಂದಲೇ ಅವು ಆಯುಧದ ದರದ ಬಗ್ಗೆ ಮಾತನಾಡಲಿಲ್ಲ, ಮಾರಾಟದ ಬಗ್ಗೆಯೇ ಮಾತನಾಡಿದವು. ಗೃಹಸ್ಥ ಉಪಾಸಕ ಮಾಡಬಾರದ ಐದು ವ್ಯಾಪಾರಗಳನ್ನು ಬುದ್ಧ ಅಂಗುತ್ತರ ನಿಕಾಯದಲ್ಲಿ ಹೆಸರಿಸುತ್ತಾನೆ: ಆಯುಧ, ಪ್ರಾಣಿ, ಮಾಂಸ, ಮದ್ಯ, ವಿಷ. ಆಯುಧವೇ ಮೊದಲು. ಕಳಿಂಗದ ರಕ್ತ ಕಂಡು ಮರುಗಿದ ಅಶೋಕನ ಶಾಸನಗಳು ಕಂಪ್ಲಿಯಿಂದ ಬಹಳ ದೂರವೇನೂ ಇಲ್ಲದ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉದೇಗೋಳಗಳ ಬಂಡೆಗಳ ಮೇಲೆ ಇಂದಿಗೂ ಇವೆ. ಜೈನ ಶ್ರಾವಕಾಚಾರ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸಮಂತಭದ್ರರ ರತ್ನಕರಂಡಕದಲ್ಲಿ ಕೊಡಲಿ, ಕತ್ತಿ, ವಿಷ, ಬೆಂಕಿಯಂಥವನ್ನು ಇನ್ನೊಬ್ಬರ ಕೈಗೆ ಕೊಡುವುದಕ್ಕೆ ಹಿಂಸಾದಾನ ಎಂದೇ ಹೆಸರು. ಬಿಟ್ಟಿ ಕೊಟ್ಟರೂ ದೋಷವೇ. ಹೇಮಚಂದ್ರರಂತೂ ವಿಷವ್ಯಾಪಾರದ ಪಟ್ಟಿಯಲ್ಲಿ ಆಯುಧದ ಜೊತೆಗೆ ನೇಗಿಲನ್ನೂ ಕಬ್ಬಿಣವನ್ನೂ ಸೇರಿಸಿಬಿಟ್ಟರು.

ನೇಗಿಲೂ ಕಬ್ಬಿಣವೂ! ಸಂಡೂರಿನಲ್ಲಿ ನಿಂತು ಇದನ್ನು ಓದಿದರೆ ಎದೆ ಝಲ್ಲೆನ್ನುತ್ತದೆ. ಅಲ್ಲಿ ದೇವಸೇನಾಪತಿ ಕುಮಾರಸ್ವಾಮಿಯ ಗುಡಿ ನಿಂತಿರುವುದು ಅದಿರಿನ ಬೆಟ್ಟದ ಮೇಲೆ. ದೋಣಿಮಲೈಯ ಅದಿರು ರೈಲು ಹಳಿಯೂ ಆಗುತ್ತದೆ, ನೇಗಿಲಿನ ಕುಳವೂ ಆಗುತ್ತದೆ, ನಳಿಗೆಯೂ ಆಗುತ್ತದೆ. ಅದಿರು ಅಗೆದವನು ಎಲ್ಲಿಯವರೆಗೆ ಹೊಣೆ? ಹೇಮಚಂದ್ರರ ಕಟ್ಟಳೆಯನ್ನು ಅಕ್ಷರಶಃ ಪಾಲಿಸಿದರೆ ಸಂಡೂರು ಉಪವಾಸ ಬೀಳಬೇಕು. ಅಷ್ಟು ದೂರ ಹೋಗುವುದು ಸಾಧುವೆನಿಸುವುದಿಲ್ಲ. ಕಬ್ಬಿಣಕ್ಕೆ ನೂರು ಉಪಯೋಗ, ಪಿಸ್ತೂಲಿಗೆ ಒಂದೇ.

ಹಾಗೆಂದು ಆಯುಧ ಮುಟ್ಟಿದವರೆಲ್ಲ ಧರ್ಮಬಾಹಿರರು ಎಂದೂ ಈ ಪರಂಪರೆ ಹೇಳಲಿಲ್ಲ. ಕಮಲಾಪುರದಿಂದ ಕಂಪ್ಲಿಗೆ ಹೋಗುವ ದಾರಿಯಲ್ಲಿ ಗಾಣಗಿತ್ತಿ ಜಿನಾಲಯವಿದೆ. ಎದುರಿನ ದೀಪಸ್ತಂಭದ ಶಾಸನದಂತೆ ಅದನ್ನು 1385ರಲ್ಲಿ ಕಟ್ಟಿಸಿದವನು ಎರಡನೆಯ ಹರಿಹರನ ದಂಡನಾಯಕ ಇರುಗಪ್ಪ. ಸೇನೆ ನಡೆಸುವ ಕೈಯೇ ಕುಂಥುನಾಥ ತೀರ್ಥಂಕರನ ಗುಡಿಯನ್ನೂ ಎತ್ತಿಸಿತು. ಸಂಕಲ್ಪ ಮಾಡಿ ಕೊಲ್ಲುವುದು ಬೇರೆ, ಎರಗಿ ಬಂದವನನ್ನು ತಡೆಯುವಾಗ ಆಗುವ ವಿರೋಧಿ ಹಿಂಸೆ ಬೇರೆ, ಎರಡನೆಯದು ಗೃಹಸ್ಥನಿಗೆ ಪೂರ್ತಿ ತಪ್ಪಿಸಲಾಗದ್ದು ಎಂಬ ಜೈನ ವಿವೇಕ ಅವನಿಗೆ ಆಸರೆಯಾಗಿದ್ದಿರಬೇಕು. ಆದರೆ ಈ ವಿನಾಯಿತಿ ಎದುರಿಗೆ ನಿಂತು ಹೊಣೆ ಹೊರುವವನಿಗೆ. ಲಾಭಕ್ಕಾಗಿ ಕತ್ತಿ ಮಾರುವವನಿಗೆ ಅದು ಸಲ್ಲುವುದು ಕಷ್ಟ. 1565ರ ಯುದ್ಧದಲ್ಲಿ ಶತ್ರುಸೇನೆಯ ಫಿರಂಗಿಗಳಿಗೆ ತಾಮ್ರದ ಕಾಸಿನ ಚೀಲಗಳನ್ನೇ ತುಂಬಿ ಸಮೀಪದಿಂದ ಹಾರಿಸಿದರೆಂದು ಇತಿಹಾಸಕಾರ ಫರಿಶ್ತಾ ಬರೆಯುತ್ತಾನೆ. ವಿಜಯನಗರದ ಸೈನಿಕರ ಮೈ ಸೀಳಿದ್ದು ಯಾವುದೋ ಬಜಾರಿನಲ್ಲಿ ಕೈಯಿಂದ ಕೈಗೆ ಓಡಾಡಿದ ದುಡ್ಡು.

ಎರಗಿ ಬಂದದ್ದನ್ನು ಆಯುಧದಿಂದ ತಡೆಯಬಹುದೇ ಎಂಬ ಇರುಗಪ್ಪನ ಪ್ರಶ್ನೆಯೇ ಈಗ ರೈತನ ಮುಂದಿದೆ. ಶೇಂಗಾ, ಮೆಕ್ಕೆಜೋಳ, ಕಬ್ಬಿನ ಹೊಲಗಳಿಗೆ ಹಂದಿ ನುಗ್ಗುತ್ತದೆ, ಕರಡಿಯೂ ಇಳಿಯುತ್ತದೆ. 1959ರ ಆಯುಧ ಕಾಯಿದೆ ಬೆಳೆ ಕಾಯುವವನಿಗೆಂದೇ ಮದ್ದು ತುಂಬುವ ಕೋವಿಗೆ ಅವಕಾಶ ಇಟ್ಟಿದೆ. ನಳಿಗೆಯ ಬಾಯಿಂದ ಮದ್ದು ಸುರಿದು, ಚಿಂದಿ ತುರುಕಿ, ಗಜದಿಂದ ಜಡಿದು, ಚರೆ ಹಾಕಿ, ಕೊನೆಗೆ ಕೇಪು ಕೂರಿಸಬೇಕು. ಒಂದು ಈಡಿಗೆ ಇಷ್ಟು ಹೊತ್ತು ಹಿಡಿಯುವ ಆಯುಧ ಹೆದರಿಸುವುದಕ್ಕೇ ಹೆಚ್ಚು ಲಾಯಕ್ಕು. ಬಂದೂಕುಗಳಲ್ಲಿ ಅಗ್ಗವಾದದ್ದೂ ಅದೇ. ಆದರೆ ಇಲ್ಲಿ ದುಡ್ಡಿದ್ದರೂ ಸಾಲದು. 1994ರಲ್ಲಿ ದರೋಜಿ ಕರಡಿಧಾಮ ಆಯಿತು. ವನ್ಯಜೀವಿ ಕಾಯಿದೆಯ 34ನೇ ಕಲಮಿನ ಪ್ರಕಾರ ಅಭಯಾರಣ್ಯದ 10 ಕಿಲೋಮೀಟರ್ ವ್ಯಾಪ್ತಿಯಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಇಲ್ಲದೆ ಹೊಸ ಲೈಸೆನ್ಸು ಕೊಡುವಂತಿಲ್ಲ. ದರೋಜಿಯ ಸುತ್ತಿನ ಹಲವು ಹಳ್ಳಿಗಳು ಈ ಗೆರೆಯೊಳಗಿವೆ.

ಕೊಳ್ಳುವ ಹೊತ್ತಿನಲ್ಲೇ ಮೂರನೆಯವನ ಪಾಲು ಎತ್ತಿಟ್ಟ ಅಪರೂಪದ ಕಾನೂನು ಇದು. ಇಲ್ಲಿ ಮೂರನೆಯವನು ಕರಡಿ. ಅದರ ಪರವಾಗಿ ಸರ್ಕಾರ ಅಂಗಡಿಯ ಬಾಗಿಲಲ್ಲಿ ನಿಂತಿದೆ. ಬುದ್ಧನೂ ಸಮಂತಭದ್ರರೂ ಗೃಹಸ್ಥನ ಮನಸ್ಸಿಗೆ ಬಿಟ್ಟಿದ್ದನ್ನು ಇದು ಕಲಮಾಗಿ ಬರೆದಿದೆ, ಬರೆದದ್ದು ಸರಿಯೇ. ಸಂಜೆ ಕರಡಿಕಲ್ಲು ಗುಡ್ಡದ ಬಂಡೆಗಳಿಗೆ ಬಳಿದ ಬೆಲ್ಲ ನೆಕ್ಕಲು ಮರಿಯನ್ನು ಬೆನ್ನಿಗೇರಿಸಿಕೊಂಡು ಇಳಿಯುವ ತಾಯಿಕರಡಿಯನ್ನು ವೀಕ್ಷಣಾ ಗೋಪುರದಿಂದ ಕಂಡವರಿಗೆ ಆ ಕಲಮು ಯಾಕೆ ಬೇಕೆಂದು ವಿವರಿಸಬೇಕಾಗಿಲ್ಲ.

ಗೋಪುರದಿಂದ ನೋಡುವವರು ಮನೆಗೆ ಮರಳುತ್ತಾರೆ. ಅದೇ ಕರಡಿ ರಾತ್ರಿ ಹೊಲಕ್ಕಿಳಿದರೆ ಶೇಂಗಾ ಬುಡಸಮೇತ ಕೀಳಿಸಿಕೊಂಡವನು ಬೆಳಿಗ್ಗೆ ಪಹಣಿ, ಫೋಟೋ ಹಿಡಿದು ಪರಿಹಾರದ ಅರ್ಜಿ ಬರೆಸಬೇಕು. ಕೋವಿ ಬೇಡ ಎಂದು ಇಡೀ ಸಮಾಜ ತೀರ್ಮಾನಿಸಿದ ಮೇಲೆ ಅದರ ಖರ್ಚನ್ನು ಅವನೊಬ್ಬನ ತಲೆಗೆ ಕಟ್ಟುವುದು ಯಾವ ಧರ್ಮಕ್ಕೂ ಒಪ್ಪುವ ಮಾತಲ್ಲ. ಪಂಚನಾಮೆ ಹೆಜ್ಜೆಗುರುತು ಅಳಿಯುವ ಮುಂಚೆ ಆಗಬೇಕು. ಪರಿಹಾರದ ದರ ಆ ವಾರದ ಎಪಿಎಂಸಿ ದರಕ್ಕೆ ಹತ್ತಿರವಿರಬೇಕು, ಹಣ ಮುಂದಿನ ಬಿತ್ತನೆಗೆ ಮೊದಲೇ ಖಾತೆಗೆ ಬೀಳಬೇಕು.